ಘಟಸರ್ಪದ ಊರಿನಲ್ಲಿ ಕುಡಿಯುವ ನೀರಿನ ವ್ಯವಸ್ಥೆ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಬರೆಯಲು ಕೈ ಓಡುವುದಿಲ್ಲ. ಟಿ.ವಿ. ಸಿಡಿಯಬಹುದಿತ್ತು. ಟಿ.ವಿ.ಗೆ ಜೋಡಿಸಿದ ಕಂಪ್ಯೂಟರಿನ ವೈರು ಕಾದು, ಕಿಟಕಿಯ ಕರ್ಟನ್ನಿಗೆ ಕಿಡಿ ಹಾರಿ, ಅಲ್ಲಿಂದ ಅಡುಗೆಮನೆಗೆ ಬೆಂಕಿ ನುಗ್ಗಿ, ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಿಂದ ಹಿಡಿದು ಕೆಳಗಿನ ಭೋಜಣ್ಣನ ಹೋಟೆಲಿನವರೆಗೆ ಎಲ್ಲವೂ ಬೂದಿಯಾಗಬಹುದಿತ್ತು. ನನ್ನ ತಮ್ಮ ಸುಧಾಕರನನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವ ದಿನವೇ ರಿಕ್ಷಾದವರು ಮುಷ್ಕರ ಹೂಡಬಹುದಿತ್ತು. ಲೋಕಲ್ ಕುರ್ಲಾ ದಾಟಿದ ಮೇಲೆ ನಿಂತು, ಮಳೆನೀರು ಹಳಿ ಮುಚ್ಚಿ, ನಾನು ಅವನನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಾಗಬಹುದಿತ್ತು; ಹಾಗೆ ಹೊತ್ತು ನನ್ನ ಸೊಂಟ ಹಿಡಿದುಕೊಂಡರೆ ಇಬ್ಬರನ್ನೂ ಬೇರೆ ಯಾರಾದರೂ ಹೊರಬೇಕಾಗಬಹುದಿತ್ತು. ಆಸ್ಪತ್ರೆಯಲ್ಲಿ ಯಂತ್ರ ತಿರುಗುತ್ತಿರುವಾಗ ಕರೆಂಟು ಹೋಗಬಹುದಿತ್ತು, ಜನರೇಟರ್ ಹಾಕುವವನು ಆಗಲೇ ಚಹಾ ಕುಡಿಯಲು ಹೋಗಿರಬಹುದಿತ್ತು. ಕ್ಯಾಸೆಟ್ಟಿನ ಟೇಪು ರೆಕಾರ್ಡರಿನೊಳಗೆ ಸಿಕ್ಕಿಕೊಂಡು ಸುಧಾಕರ ತಿಂಗಳುಗಟ್ಟಲೆ ಕೂತು ಕಟ್ಟಿದ ಇಡೀ ಲೋಕ ಶಾವಿಗೆಯ ಹಾಗೆ ಹೊರಗೆ ಬರಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ. ಇಷ್ಟನ್ನೂ ತಡೆದು ನಿಲ್ಲಿಸಿದ್ದು ನನ್ನ ಚಿಂತೆಯೇ ಎಂದು ನಾನು ಬಹಳ ದಿನ ನಂಬಿದ್ದೆ.

ಚಿಂತೆ ನನ್ನ ಹವ್ಯಾಸವಲ್ಲ, ಉದ್ಯೋಗ. ವಿಮಾ ಕಂಪೆನಿಯೊಂದರ ಪರಿಹಾರ ವಿಭಾಗದಲ್ಲಿ ಕೂತು, ಜನರಿಗೆ ಏನೇನು ಆಯಿತು ಎಂಬುದನ್ನು ದಿನವಿಡೀ ಓದಿ ಸಂಬಳ ತೆಗೆದುಕೊಳ್ಳುವವನು ನಾನು. ಬಾಳೆಹಣ್ಣಿನ ಸಿಪ್ಪೆಯಿಂದ ಹಿಡಿದು ಬಾಯ್ಲರಿನವರೆಗೆ ಮನುಷ್ಯನನ್ನು ಯಾವುದು ಹೇಗೆ ಕೆಡವಬಲ್ಲದು ಎಂಬುದು ನನಗೆ ಬಾಯಿಪಾಠ. ನನ್ನ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ನಾನು ತಲೆಯೆತ್ತಿ ನೋಡುತ್ತಿದ್ದೆನಂತೆ. ವಧುವಿನ ಮುಖ ನೋಡಲು ಸಂಕೋಚಪಡುತ್ತಿದ್ದಾನೆಂದು ಹೆಂಗಸರೆಲ್ಲ ಮೆಚ್ಚಿಕೊಂಡರು. ನಾನು ಚಪ್ಪರದ ಹಗ್ಗ ನೋಡುತ್ತಿದ್ದೆ ಎಂಬುದು ವಿಮಲೆಗೆ ಮಾತ್ರ ಆಗಲೇ ಗೊತ್ತಾಯಿತು. ಇಂಥವನ ಮನೆಯಲ್ಲಿ ಮಕ್ಕಳಾಗದ್ದೇ ಒಳ್ಳೆಯದಾಯಿತು ಎಂದು ಅವಳು ಒಮ್ಮೊಮ್ಮೆ ಹೇಳುತ್ತಾಳೆ. ಮಕ್ಕಳ ಪಾಲಿನ ಚಿಂತೆಯೆಲ್ಲ ಸುಧಾಕರನಿಗೇ ಹೋಯಿತು. ಅವನು ನನಗಿಂತ ಬಹಳ ಚಿಕ್ಕವನು, ಮದುವೆಯಾಗದವನು, ಮೈಸೂರಿನಲ್ಲಿ ಓದು ಮುಗಿಸಿ ಬಂದಂದಿನಿಂದ ನಮ್ಮ ಜೊತೆಯಲ್ಲೇ ಇದ್ದವನು.

ಸುಧಾಕರ ಒಂದು ಕಂಪೆನಿಯ ಕಂಪ್ಯೂಟರ್ ವಿಭಾಗದಲ್ಲಿದ್ದ. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆ ಎಂದು ಗೊತ್ತಾದ ಮೇಲೆ ದೀರ್ಘ ರಜೆ ಹಾಕಿದ. ನನ್ನದೊಂದನ್ನು ತೆಗೆದುಕೊಳ್ಳಿ ಎಂದು ನಾನು ಡಾಕ್ಟರರಿಗೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಹಿಂದೆಮುಂದೆ ಯೋಚಿಸದೆ ಒಂದು ವಿಷಯಕ್ಕೆ ಒಪ್ಪಿಕೊಂಡಿದ್ದೆ. ನಿಮಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಉಳಿದದ್ದು ಡಯಾಲಿಸಿಸ್ಸು, ಉಪ್ಪಿಲ್ಲದ ಊಟ, ಮತ್ತು ವಿಮಲೆ ಒಂದು ಸ್ಟೀಲ್ ಲೋಟದಲ್ಲಿ ಅಳೆದು ಕೊಡುವ ದಿನದ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚು ಕೂಡದು. ಮನೆಯಲ್ಲಿ ಕೂತು ಬೇಸರವಾಗಬಾರದೆಂದು ಅವನೊಂದು ಸಣ್ಣ ಕಂಪ್ಯೂಟರು ತಂದ. ಊಟದ ತಟ್ಟೆಗಿಂತ ದೊಡ್ಡದಲ್ಲ. ಅದನ್ನು ಟಿ.ವಿ.ಗೆ ಸಿಕ್ಕಿಸಬೇಕು, ಬರೆದದ್ದನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಇಡಬೇಕು. ಕ್ಯಾಸೆಟ್ಟಿನಿಂದ ವಾಪಸು ತುಂಬುವಾಗ ಅದು ಕಾದ ಬಾಣಲೆಗೆ ನೀರು ಬಿದ್ದಂತೆ ಚೀರುತ್ತಿತ್ತು. ಪಕ್ಕದ ಮನೆಯ ಗುಜರಾತಿ ಅಜ್ಜಿ ಎರಡು ಸಲ ಬಂದು, ಪೇಷಂಟಿಗೆ ಏನಾದರೂ ಆಯಿತೇ ಎಂದು ವಿಚಾರಿಸಿಕೊಂಡು ಹೋದರು.

ಸುಧಾಕರನ ಸಹೋದ್ಯೋಗಿಯೊಬ್ಬ ಪರದೇಶದಿಂದ ಕೆಲವು ಆಟಗಳ ಕ್ಯಾಸೆಟ್ ತಂದುಕೊಟ್ಟಿದ್ದ. ಆಡುವವನು ಒಬ್ಬ ದಾರಿಹೋಕನಾಗುತ್ತಾನೆ. ಅವನು ಎಲ್ಲಿದ್ದಾನೆ, ಎದುರಿಗೇನಿದೆ ಎಂದು ಟಿ.ವಿ. ಮೇಲೆ ಬರಹ ಮೂಡುತ್ತದೆ. ಎಡಕ್ಕೆ ಹೋಗು, ಕುಡಿ, ಹೊಡೆ ಎಂದು ನಾವು ಟೈಪು ಮಾಡಬೇಕು. ದಾರಿಯಲ್ಲಿ ಗವಿಗಳು, ಮಾಂತ್ರಿಕರು, ಕುಳ್ಳರು, ಬೆಂಕಿಯುಗುಳುವ ಸರ್ಪಗಳು. ಮೂಲೆಯಲ್ಲೊಂದು ಸಂಖ್ಯೆ ಇರುತ್ತದೆ, ಅದು ದಾರಿಹೋಕನಲ್ಲಿ ಉಳಿದಿರುವ ಜೀವ. ಪೆಟ್ಟು ಬಿದ್ದರೆ ಇಳಿಯುತ್ತದೆ, ಔಷಧಿ ಕುಡಿದರೆ ಏರುತ್ತದೆ. ಕೆಲವು ದಿನ ಆಡಿದ ಮೇಲೆ ಸುಧಾಕರ, "ಅಣ್ಣ, ಇಂಥದ್ದೊಂದು ನಾನೇ ಮಾಡ್ತೀನಿ, ಕನ್ನಡದಲ್ಲಿ. ಪದ ಎಲ್ಲ ನೀನು ಕೊಡಬೇಕು. ಮುಗಿದ ಮೇಲೆ ಮೊದಲು ಆಡೋನೂ ನೀನೇ" ಎಂದ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ತಪ್ಪದೆ ಲೇಖನ ಕೊಡುವವನು ನಾನು. ಯಾರಾದರೂ ಪದ ಕೇಳಿದರೆ ನನಗೆ ಹಸಿವು ನಿದ್ದೆ ಬೇಡ. ಯಂತ್ರಕ್ಕೆ ಕನ್ನಡ ಲಿಪಿ ಬಾರದು, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು ಎಂಬ ಅವಮಾನವನ್ನೂ ನುಂಗಿಕೊಂಡೆ.

ನುಂಗಲಾಗದ್ದು ಅವನ ಎರಡನೆಯ ಷರತ್ತು. ಯಾವ ಪದವೂ ಎಂಟು ಇಂಗ್ಲಿಷ್ ಅಕ್ಷರ ಮೀರಬಾರದು. ಆ ಯಂತ್ರದ ಹೊಟ್ಟೆಯಲ್ಲಿ ಜಾಗ ಬಹಳ ಕಡಿಮೆಯಂತೆ. ಮುಂಬಯಿಯ ಒಂದು ಕೋಣೆಯ ಸಂಸಾರದ ಹಾಗೆ, ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಔಷಧಿಗೆ ನಾನು ಬಹಳ ಯೋಚಿಸಿ "ಪುನಶ್ಚೇತನ ಕಷಾಯ" ಎಂದು ಕೊಟ್ಟೆ. ಅವನು ಬೆರಳು ಮಡಿಸಿ ಎಣಿಸಿದ. "ಅಣ್ಣ, ನಿನ್ನ ಈ ಔಷಧಿ ಸೇರಿಸಬೇಕಾದ್ರೆ ಕಾಡಲ್ಲಿ ಎರಡು ಮರ ಕಡೀಬೇಕು."

"ಕಡಿ. ಅಷ್ಟೊಂದು ಮರ ಯಾಕೆ? ಒಣಗಿದ ಕೊಂಬೆ ಯಾರ ತಲೆ ಮೇಲಾದ್ರೂ ಬಿದ್ದೀತು."

"ಕಷಾಯ ಅಂತ ಅಷ್ಟೇ ಇಡ್ತೀನಿ."

ಹಾಗೆ ಪುನಶ್ಚೇತನ ಹೋಗಿ ಕಷಾಯ ಉಳಿಯಿತು. ಪ್ರಾಣಶಕ್ತಿ ಹೋಗಿ ಜೀವ ಆಯಿತು. ದಾರಿಗಡ್ಡ ಬರುವ ಎಲ್ಲ ಬಗೆಯ ದುಷ್ಟಪ್ರಾಣಿಗಳಿಗೂ ವಿಮಲೆ ಅಡುಗೆಮನೆಯಿಂದಲೇ "ಪೀಡೆ ಅಂತ ಹಾಕ್ರಿ" ಎಂದಳು, ಅದು ಕೂಡಲೇ ಅಂಗೀಕಾರವಾಯಿತು. ನನ್ನ ಪದಗಳಲ್ಲಿ ಒಂದೂ ಇಷ್ಟು ಬೇಗ ಪಾಸಾಗಿರಲಿಲ್ಲ. ಬೆಂಕಿಯುಗುಳುವ ಸರ್ಪಕ್ಕೆ ನಾನು ಕೊಟ್ಟ ಘಟಸರ್ಪಕ್ಕೆ ಮಾತ್ರ ಅವನು ನಿಯಮ ಸಡಿಲಿಸಿದ. ಅದರ ಜಾಗಕ್ಕಾಗಿ ಒಬ್ಬ ಮಾಂತ್ರಿಕನನ್ನು ತೆಗೆದುಹಾಕಿದ. ನಮ್ಮ ಟಿ.ವಿ. ಇರುವುದು ದೇವರ ಗೂಡಿನ ಪಕ್ಕದಲ್ಲೇ; ಅಲ್ಲಿ ಮಾಟದವನೊಬ್ಬ ಇರುವುದು ವಿಮಲೆಗೂ ಇಷ್ಟವಿರಲಿಲ್ಲ.

ಪದ ಕೊಡುವವನು ಪದ ಕೊಟ್ಟು ಸುಮ್ಮನಿರಬೇಕಿತ್ತು. ಆದರೆ ಒಂದು ಊರಿನ ಹೆಸರು ಕೊಟ್ಟ ಮೇಲೆ ಆ ಊರಿನವರ ಯೋಗಕ್ಷೇಮ ವಿಚಾರಿಸದೆ ಹೇಗಿರುವುದು? "ಸುಧಿ, ಈ ಘಟಸರ್ಪ ಇರೋದು ಊರಿನ ಪಕ್ಕದ ಗವಿಯಲ್ಲಿ. ಅದಕ್ಕೂ ಬಾಯಾರಿಕೆ ಆಗತ್ತಲ್ಲ. ಊರವರ ಬಾವಿಯಿಂದ ಕುಡಿದ್ರೆ ಆ ನೀರನ್ನ ಜನ ಹೇಗೆ ಕುಡೀತಾರೆ?" ಎಂದು ಕೇಳಿದೆ.

"ಅದಕ್ಕೆ ಬೇರೆ ಕೆರೆ ಕೊಡ್ತೀನಿ ಬಿಡು."

"ಅಲ್ಲ, ಸರ್ಪ ಇದೆ ಅಂತ ಗೊತ್ತಿದ್ದೂ ಜನ ಅಲ್ಲಿ ಯಾಕೆ ಮನೆ ಕಟ್ಟಿಕೊಂಡಿದ್ದಾರೆ?"

"ವಡಾಲದಲ್ಲಿ ಹಳಿ ಪಕ್ಕ ಯಾಕೆ ಕಟ್ಟಿಕೊಂಡಿದ್ದಾರೆ? ಜಾಗ ಸಿಕ್ಕಿದ ಕಡೆ ಕಟ್ಟಿಕೊಳ್ತಾರೆ ಅಣ್ಣ. ಸರ್ಪ ಆಮೇಲೆ ಅಭ್ಯಾಸ ಆಗೋಗತ್ತೆ."

ಅದೂ ನಿಜವೇ. ಆದರೂ ನಾನು ಬಿಡಲಿಲ್ಲ. ತೂಗುಸೇತುವೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದೆ. ಗವಿಯ ಬಾಗಿಲಲ್ಲಿ ಒಂದು ದೀಪ ಇಡಿಸಿದೆ. ಪ್ರತಿ ಊರಿನಲ್ಲೂ ಒಬ್ಬ ವೈದ್ಯ, ಎರಡು ಊರುಗಳ ನಡುವೆ ಒಂದು ಛತ್ರ. ಒಂದೊಂದು ಸೌಕರ್ಯಕ್ಕೂ ಒಂದೊಂದು ಪೀಡೆ ಜಾಗ ಖಾಲಿ ಮಾಡಿ ಹೋಗುತ್ತಿತ್ತು. ಮಳೆಗಾಲ ಬರುವ ಹೊತ್ತಿಗೆ ಆ ಲೋಕದಲ್ಲಿ ಪೀಡೆಗಳಿಗಿಂತ ವೈದ್ಯರೇ ಹೆಚ್ಚಾಗಿದ್ದರು. "ಇನ್ನೊಬ್ಬ ವೈದ್ಯ ಬಂದ್ರೆ ಘಟಸರ್ಪ ರಾಜೀನಾಮೆ ಕೊಡತ್ತೆ" ಎಂದು ಸುಧಾಕರ ಹೆದರಿಸಿದ ಮೇಲೆ ಸುಮ್ಮನಾದೆ.

ಕೆಳಗಿನ ಹೋಟೆಲಿನ ಭೋಜಣ್ಣ ಉಡುಪಿಯ ಕಡೆಯವರು. ಸುಧಾಕರನಿಗಾಗಿ ಬೇರೆಯೇ ಹಿಟ್ಟು ತೆಗೆದಿಟ್ಟು ಉಪ್ಪಿಲ್ಲದ ಇಡ್ಲಿ ಮಾಡಿಸಿ, ಹುಡುಗರ ಕೈಯಲ್ಲಿ ಕಳಿಸದೆ ತಾವೇ ಮೆಟ್ಟಿಲು ಹತ್ತಿ ತರುತ್ತಿದ್ದರು. ಲೋಕನಿರ್ಮಾಣದ ಸುದ್ದಿ ಅವರ ಕಿವಿಗೂ ಬಿತ್ತು. ಟಿ.ವಿ. ಮುಂದೆ ಕೂತು ವಿಚಾರಣೆ ಶುರುಮಾಡಿದರು.

"ನಿಮ್ಮ ದಾರಿಹೋಕನಿಗೆ ಉಳಿಯಲಿಕ್ಕೆ ಜಾಗ ಉಂಟು, ಸರಿ. ತಿನ್ನಲಿಕ್ಕೆ ಎಂಥದು?"

"ಗಂಜಿ" ಎಂದ ಸುಧಾಕರ.

"ಬರೀ ಗಂಜಿ ಕುಡಿದವ ಸರ್ಪದ ಹತ್ತಿರ ಎಂಥ ಹೊಡೆದಾಡುವುದು ಮಾರಾಯ್ರೆ. ರಾಯರೆ, ನೀವು ದೊಡ್ಡವರು, ನೀವಾದರೂ ಹೇಳಬಾರದಾ?" ಎಂದು ನನ್ನ ಕಡೆ ತಿರುಗಿದರು.

ಸುಧಾಕರ ಬನ್ಸ್ ಸೇರಿಸಿದ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಚಲೇಗಾ ಎಂದ. ಒಂದು ಬಾವಲಿ ಹೋಯಿತು. ಭೋಜಣ್ಣ ಚಟ್ನಿಯನ್ನೂ ಕೇಳಿದರು. ಇನ್ನೊಂದು ಬಾವಲಿ ಹೋಯಿತು. ಅವರು ಎದ್ದು ಹೊರಟವರು ಬಾಗಿಲಲ್ಲಿ ನಿಂತು, "ಅದಕ್ಕೆ ಉಪ್ಪು ಹಾಕಿದ್ದೀರಾ?" ಎಂದು ಕೇಳಿದರು.

"ಹಾಕಿದ್ದೀನಿ ಭೋಜಣ್ಣ, ಕೈತುಂಬ."

"ಒಳ್ಳೆದಾಯ್ತು" ಎಂದು ಭೋಜಣ್ಣ ಖಾಲಿ ಡಬ್ಬಿ ತೆಗೆದುಕೊಳ್ಳುವುದನ್ನೂ ಮರೆತು ಇಳಿದುಹೋದರು.

ಇಷ್ಟೆಲ್ಲ ತಪಾಸಣೆ ಮಾಡಿದ ನನಗೆ ಕಾಣದ ಒಂದು ವಿಷಯ ವಿಮಲೆಗೆ ಕಂಡಿತು. ಭಾನುವಾರ ಬೆಳಗ್ಗೆ ಧಾರಾವಾಹಿಯ ಹೊತ್ತಿಗೆ ಸುಧಾಕರ ಟಿ.ವಿ. ಬಿಟ್ಟುಕೊಡಬೇಕೆಂದು ಮನೆಯಲ್ಲಿ ಒಪ್ಪಂದವಿತ್ತು. ಅವಳು ಕಾಯುತ್ತಾ ನಿಂತವಳು ತೆರೆಯ ಮೇಲಿನ ಸಾಲುಗಳನ್ನು ಓದುತ್ತಿದ್ದಳು. ದಾರಿಹೋಕ ಬಲಕ್ಕೆ ಹೋದರೆ ಹೊಳೆ. ಎಡಕ್ಕೆ ಹೋದರೆ ಕೆರೆ. ಗವಿಯ ಒಳಗೂ ಕಲ್ಲಿನ ಸಂದಿಯಿಂದ ಜಿನುಗುವ ತಣ್ಣನೆಯ ನೀರು. ಎಲ್ಲ ಕಡೆಯೂ "ಕುಡಿ" ಎಂದರೆ ಕುಡಿಯುತ್ತಾನೆ, ಮತ್ತೆ "ಕುಡಿ" ಎಂದರೆ ಮತ್ತೆ ಕುಡಿಯುತ್ತಾನೆ. "ಬನ್ಸಿಗೆ ಲೆಕ್ಕ ಇಟ್ಟಿದ್ದೀಯ, ಕಷಾಯಕ್ಕೆ ಇಟ್ಟಿದ್ದೀಯ. ನೀರಿಗೆ ಇಲ್ವಾ ಸುಧಿ?" ಎಂದಳು.

"ಇಲ್ಲ ಅತ್ತಿಗೆ. ನೀರಿಗೂ ಲೆಕ್ಕ ಇಟ್ಟರೆ ಸುಮ್ಮನೆ ಜಾಗ ದಂಡ."

ವಿಮಲೆ ಧಾರಾವಾಹಿ ನೋಡಲಿಲ್ಲ. ಅಡುಗೆಮನೆಗೆ ಹೋದಳು. ಆ ಹೊತ್ತಿನಲ್ಲಿ ನಮ್ಮ ಬಿಲ್ಡಿಂಗಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಆದರೂ ಬಹಳ ಹೊತ್ತು ಪಾತ್ರೆ ತೊಳೆಯುವ ಸದ್ದು ಬರುತ್ತಲೇ ಇತ್ತು. ನಾನು ಕೇಳಬೇಕೆಂದಿದ್ದೆ, ಆ ಹೊಳೆಯ ನೀರು ಕಾಯಿಸಿದ್ದೋ ಅಲ್ಲವೋ ಎಂದು. ಆವತ್ತು ಕೇಳಲಿಲ್ಲ.

ಆಸ್ಪತ್ರೆಗೆ ನಾವು ಮಧ್ಯಾಹ್ನದ ಲೋಕಲ್ಲಿನಲ್ಲಿ ಹೋಗುತ್ತಿದ್ದೆವು. ಆ ಹೊತ್ತಿಗೆ ಬೋಗಿಯಲ್ಲಿ ಕಾಲು ಚಾಚಿ ಕೂರುವಷ್ಟು ಜಾಗವಿರುತ್ತದೆ. ಮುಂಬಯಿಯಲ್ಲಿ ಅಂಥ ಐಷಾರಾಮ ಸಿಗುವುದು ಕಾಯಿಲೆಯವರಿಗೆ ಮತ್ತು ಕೆಲಸವಿಲ್ಲದವರಿಗೆ ಮಾತ್ರ. ಕಿಟಕಿಯ ಪಕ್ಕ ಸುಧಾಕರ, ಅವನು ವಾಲಿದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ನಾನು. ಒಂದು ದಿನ ವಿದ್ಯಾವಿಹಾರ ದಾಟುವಾಗ ಕೇಳಿದ, "ಅಣ್ಣ, ಎಲ್ಲ ಮುಗೀತು. ಇನ್ನೊಂದೇ ಪದ ಬೇಕು. ಜೀವ ಸೊನ್ನೆ ಆದಾಗ ಏನು ಬರಬೇಕು?"

"ಏನು ಬರಬೇಕು?"

"ಅದನ್ನೇ ನಿನ್ನ ಕೇಳ್ತಿರೋದು. ಇಂಗ್ಲಿಷ್ ಆಟದಲ್ಲಿ ಏನೋ ಬರತ್ತೆ, ಆಮೇಲೆ ಆಟ ನಿಂತುಹೋಗತ್ತೆ. ನಮ್ಮದರಲ್ಲಿ?"

ನನ್ನ ಕಚೇರಿಯ ಕಡತಗಳಲ್ಲಿ ಆ ಸಂಗತಿಯನ್ನು ನಾನು ದಿನವೂ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕಾರು ಪದ ಗೊತ್ತು, ಮರಾಠಿಯಲ್ಲಿ ಗೊತ್ತು, ಕನ್ನಡದಲ್ಲಿ ಬೇಕಾದಷ್ಟು ಗೊತ್ತು. ಎಂಟು ಅಕ್ಷರದೊಳಗೆ ಮುಗಿಯುವವೇ ಹೆಚ್ಚು. "ಮೂರ್ಛೆ ಹೋದನು ಅಂತ ಹಾಕು" ಎಂದೆ.

"ಮೂರ್ಛೆ ಹೋದೋನು ಏಳ್ತಾನಲ್ಲ ಅಣ್ಣ. ಏಳದೇ ಇರೋದಕ್ಕೆ ಪದ ಕೊಡು."

"ವಿಶ್ರಾಂತಿ?"

"ಅದಕ್ಕೆ ಛತ್ರ ಇದೆ. ನೀನೇ ಅಷ್ಟೊಂದು ಕಟ್ಟಿಸಿದ್ದೀಯ."

"ಹಾಗಾದ್ರೆ ಸೊನ್ನೆ ಆಗೋದೇ ಬೇಡ. ಒಂದಕ್ಕೆ ನಿಲ್ಲಿಸಿಬಿಡು."

ಸುಧಾಕರ ನಕ್ಕ. ನಕ್ಕರೆ ಅವನಿಗೆ ಏದುಸಿರು ಹತ್ತುತ್ತಿತ್ತು. ಸ್ವಲ್ಪ ಹೊತ್ತು ಕಿಟಕಿಯ ಸರಳು ಹಿಡಿದುಕೊಂಡು ಕೂತ. "ಸಾಯೋಕೇ ಆಗದ ಆಟ ಯಾರೂ ಆಡಲ್ಲ ಅಣ್ಣ. ಆಡಿದ್ರೂ ನಿನ್ನ ಹಾಗೆ ಆಡ್ತಾರೆ" ಎಂದ. ನನ್ನ ಆಟದ ಬಗ್ಗೆ ಅವನಿಗೆ ಸಿಟ್ಟಿತ್ತು. ಪರೀಕ್ಷೆಗೆಂದು ಆಡಲು ಕೂರಿಸಿದಾಗಲೆಲ್ಲ ನನ್ನ ದಾರಿಹೋಕ ಮೊದಲನೆಯ ಛತ್ರದಿಂದ ಹೊರಗೇ ಹೋಗುತ್ತಿರಲಿಲ್ಲ. ಗಂಜಿ ಕುಡಿಯುವುದು, ಮಲಗುವುದು, ಎದ್ದು ಬಾಗಿಲ ಹತ್ತಿರ ನಿಂತು ಹವಾಮಾನ ನೋಡುವುದು, ಮತ್ತೆ ಗಂಜಿ. "ಇಷ್ಟಕ್ಕೆ ನಾನೊಂದು ಲೋಕ ಕಟ್ಟಬೇಕಿತ್ತಾ?" ಎಂದು ಅವನು ತಲೆ ಚಚ್ಚಿಕೊಳ್ಳುತ್ತಿದ್ದ.

"ಯೋಚನೆ ಮಾಡಿ ಹೇಳ್ತೀನಿ" ಎಂದೆ.

ಆಮೇಲೆ ಪ್ರತಿ ಪ್ರಯಾಣದಲ್ಲೂ ಕೇಳಿದ. ಯೋಚಿಸುತ್ತಿದ್ದೇನೆ ಎಂದೇ ಹೇಳಿದೆ. ಸುಳ್ಳಲ್ಲ, ಬೇರೇನನ್ನೂ ಯೋಚಿಸುತ್ತಿರಲಿಲ್ಲ. ಪುನಶ್ಚೇತನಕ್ಕೆ ನಿಘಂಟು ತಿರುವಿದವನು ಇದಕ್ಕೆ ಮಾತ್ರ ಸಮಯ ಬೇಕೆನ್ನುವುದನ್ನು ಕಂಡು ಕೊನೆಕೊನೆಗೆ ಅವನೇ ಕೇಳುವುದನ್ನು ಬಿಟ್ಟ. ಕಿಟಕಿಯಾಚೆ ನೋಡುತ್ತಾ, "ಅವಸರ ಇಲ್ಲ ಬಿಡು" ಎಂದ.

ಅವನು ಹೋದ ದಿನ ಎಲ್ಲವೂ ಸರಿಯಾಗಿತ್ತು. ಕರೆದ ಮೊದಲನೆಯ ರಿಕ್ಷಾದವನೇ ಬರುತ್ತೇನೆಂದ. ಲೋಕಲ್ ಹೊತ್ತಿಗೆ ಸರಿಯಾಗಿ ಬಂತು, ಕಿಟಕಿಯ ಜಾಗವೂ ಸಿಕ್ಕಿತು. ಮಳೆ ಇರಲಿಲ್ಲ. ಆಸ್ಪತ್ರೆಯಲ್ಲಿ ಕರೆಂಟು ಹೋಗಲಿಲ್ಲ, ಯಂತ್ರ ನಿಲ್ಲಲಿಲ್ಲ, ನರ್ಸು ಪಕ್ಕದಲ್ಲೇ ಇದ್ದರು. ಡಾಕ್ಟರರು ಓಡಿಯೇ ಬಂದರು. ನಿಂತದ್ದು ಸುಧಾಕರನ ಹೃದಯ. ಹೃದಯದ ಬಗ್ಗೆ ನಾನು ಚಿಂತೆಯನ್ನೇ ಮಾಡಿರಲಿಲ್ಲ. ನನ್ನ ಚಿಂತೆಯೆಲ್ಲ ಮೂತ್ರಪಿಂಡದ ಮೇಲೇ ಇತ್ತು. ಹೃದಯವನ್ನು ಒಳ್ಳೆಯದೆಂದು ನಂಬಿ ಅದರಷ್ಟಕ್ಕೆ ಬಿಟ್ಟಿದ್ದೆ. ಇಷ್ಟು ವರ್ಷ ಪರಿಹಾರ ವಿಭಾಗದಲ್ಲಿ ಕೂತು ಕಲಿತದ್ದು ಅಷ್ಟೇ.

ಆಮೇಲಿನ ದಿನಗಳಲ್ಲಿ ಭೋಜಣ್ಣ ಊಟ ಕಳಿಸಿದರು. ಎಲ್ಲದಕ್ಕೂ ಉಪ್ಪಿತ್ತು. ವಿಮಲೆ ಒಂದು ತುತ್ತು ಬಾಯಿಗಿಟ್ಟು ಎಲೆ ಬಿಟ್ಟು ಎದ್ದಳು. ಕಂಪ್ಯೂಟರು ಟಿ.ವಿ.ಯ ಪಕ್ಕದಲ್ಲೇ ಇತ್ತು. ಅದನ್ನು ತೆಗೆಯಬೇಕೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಧೂಳು ಕೂರಬಾರದೆಂದು ಅದರ ಮೇಲೊಂದು ಕೈವಸ್ತ್ರ ಹೊದಿಸಿದಳು ಅಷ್ಟೇ. ಒಂದು ಭಾನುವಾರ ಸಂಜೆ ಅವಳೇ, "ಮೊದಲು ಆಡೋನು ನೀವು ಅಂತ ಹೇಳಿದ್ದನಲ್ಲ. ಇನ್ನೂ ಆಡಿಲ್ಲ ನೀವು" ಎಂದಳು. ಕ್ಯಾಸೆಟ್ ಹಾಕಿದೆ. ಅದು ಎಂದಿನಂತೆ ಚೀರಿತು. ಪಕ್ಕದ ಮನೆಯ ಅಜ್ಜಿ ಈ ಸಲ ಬರಲಿಲ್ಲ.

ಛತ್ರದ ಬಾಗಿಲು ದಾಟಿ ಹೊರಟೆ. ಸೇತುವೆಯ ಕಂಬಿ ಹಿಡಿದುಕೊಂಡೇ ನಡೆದೆ. ದಾರಿಯಲ್ಲಿ ಸಿಕ್ಕಿದ ಹೊಳೆಯಲ್ಲೆಲ್ಲ ನೀರು ಕುಡಿದೆ, ಬಾಯಾರಿಕೆ ಇಲ್ಲದಿದ್ದರೂ ಕುಡಿದೆ. ಪೀಡೆಗಳು ಹೆಚ್ಚೇನೂ ಎದುರಾಗಲಿಲ್ಲ, ಅವುಗಳ ಜಾಗದಲ್ಲಿ ವೈದ್ಯರಿದ್ದರು. ಯಾರನ್ನೂ ಮಾತಾಡಿಸದೆ ನೇರವಾಗಿ ಗವಿಗೆ ಹೋದೆ. ಘಟಸರ್ಪ ಒಳ್ಳೆಯ ಪ್ರಾಣಿ, ಸುಧಾಕರ ಅದಕ್ಕೆ ಮೋಸ ಮಾಡಿರಲಿಲ್ಲ. ಮೂರ್ನಾಲ್ಕು ಪೆಟ್ಟಿಗೆ ಮೂಲೆಯ ಸಂಖ್ಯೆ ಇಳಿಯುತ್ತಾ ಬಂತು. ಹಿಂದಕ್ಕೆ ಹೋಗು ಎಂದು ಟೈಪು ಮಾಡಲು ಹೊರಟ ಬೆರಳನ್ನು ತಡೆದುಕೊಂಡೆ. ಮತ್ತೊಂದು ಪೆಟ್ಟು ಬಿತ್ತು. ಜೀವ ಸೊನ್ನೆ ಎಂದು ಬಂತು.

ಏನೂ ಆಗಲಿಲ್ಲ. ಪದ ಸಿಕ್ಕಿದ ಮೇಲೆ ಬರೆದರಾಯಿತೆಂದು ಅವನು ಆ ಸಾಲನ್ನೇ ಬರೆದಿರಲಿಲ್ಲ. ಅಲ್ಲಿ ನಿಲ್ಲು ಎಂದು ಯಾರೂ ಹೇಳದ್ದರಿಂದ ಯಂತ್ರ ನಿಲ್ಲಲಿಲ್ಲ; ಮುಂದೇನು ಎಂದು ಎಂದಿನಂತೆ ಕೇಳಿತು. ಹೊಡೆ ಎಂದೆ, ದಾರಿಹೋಕ ಹೊಡೆದ. ಸರ್ಪ ತಿರುಗಿ ಹೊಡೆಯಿತು. ಜೀವ ಮೈನಸ್ ನಾಲ್ಕಾಯಿತು, ಆಮೇಲೆ ಮೈನಸ್ ಒಂಬತ್ತು. ಹೊರಗೆ ಹೋಗು ಎಂದರೆ ಹೋದ. ಕೂರು ಎಂದರೆ ಕೂತ, ಬನ್ಸ್ ತಿನ್ನು ಎಂದರೆ ತಿಂದ. ಕಂಪ್ಯೂಟರಿನವರ ಭಾಷೆಯಲ್ಲಿ ಇದು ಸಣ್ಣ ತಪ್ಪಂತೆ, ಬಲ್ಲವನು ಒಂದು ಸಾಲಿನಲ್ಲಿ ಸರಿಮಾಡುತ್ತಾನಂತೆ. ನನಗೆ ಬರುವುದಿಲ್ಲ. ನನಗೆ ಬರುವುದನ್ನು ಮಾಡಿದೆ, ಹತ್ತಿರದ ವೈದ್ಯನ ಮನೆ ಹುಡುಕಿ ದಾರಿಹೋಕನಿಗೆ ಕಷಾಯ ಕುಡಿಸಿದೆ.

ವಿಮಲೆ ಅಡುಗೆಮನೆಯಿಂದ, "ಹೇಗಿದ್ದಾನೆ?" ಎಂದು ಕೇಳಿದಳು.

ಮೂಲೆಯಲ್ಲಿ ಸಂಖ್ಯೆ ಮೈನಸ್ ಒಂಬತ್ತರಿಂದ ಮೈನಸ್ ಆರಕ್ಕೆ ಬಂದಿತ್ತು. ಸ್ವಲ್ಪ ಸುಧಾರಿಸಿದ್ದಾನೆ ಎಂದೆ.